ಒಂದು ಕಡೆ ಬಿಚ್ಚಿದ ಮಾಡು

ಮಾರ್ಚ್ ೪, ಸೋಮವಾರ

ಈ ಪುಸ್ತಕದಲ್ಲಿ ಕೆಲಸದ ವಿಷಯ ಮಾತ್ರ ಬರೆಯುತ್ತೇನೆ. ಮನಸ್ಸಿನ ವಿಷಯ ಬರೆಯುತ್ತಾ ಕೂರಲು ನನಗೆ ಪುರುಸೊತ್ತೂ ಇಲ್ಲ, ಅಂಥ ಮನಸ್ಸೂ ಇಲ್ಲ.

ಇವತ್ತು ನರ್ಸಮ್ಮನ ಮನೆ ನೋಡಿ ಬಂದೆ. ಹೊಲಗಳ ನಡುವೆ ಒಂಟಿಯಾಗಿ ನಿಂತ ಇಟ್ಟಿಗೆ ಮನೆ, ಮೇಲೆ ಹುಲ್ಲಿನ ಮಾಡು. ಮುನ್ನೂರು ವರ್ಷ ಹಳೆಯದು ಅನ್ನುತ್ತಾರೆ, ಇಟ್ಟಿಗೆ ನೋಡಿದರೆ ಸುಳ್ಳಲ್ಲ. ದೂರಕ್ಕೆ ಗೋಡೆಗಿಂತ ಮಾಡೇ ದೊಡ್ಡದಾಗಿ ಕಾಣುತ್ತದೆ, ಚಳಿಗೆ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡವರಂತೆ. ಹಾಗೆ ಎಳೆದುಕೊಂಡದ್ದಕ್ಕೂ ಕಾರಣ ಇದೆ. ಇಟ್ಟಿಗೆ ಬಹಳ ಮೆತ್ತಗಿನದು, ಅಲ್ಲೇ ಪಕ್ಕದ ಹೊಂಡದ ಮಣ್ಣನ್ನು ಅಚ್ಚಿಗೆ ತುಂಬಿ ಸುಟ್ಟದ್ದು. ಒಂದರ ಹಾಗೆ ಇನ್ನೊಂದಿಲ್ಲ. ನೀರು ಕುಡಿದರೆ ಪುಡಿಯಾಗುತ್ತದೆ. ಅದಕ್ಕೇ ಕಟ್ಟಿದವರು ಸೂರನ್ನು ಗೋಡೆಯಿಂದಾಚೆಗೆ ಚೆನ್ನಾಗಿ ಚಾಚಿದ್ದಾರೆ, ಮಳೆನೀರು ಗೋಡೆಯನ್ನು ಮುಟ್ಟದೆ ದೂರ ಬೀಳಲಿ ಎಂದು. ನಡುವೆ ಒಂದೇ ಹೊಗೆಗೂಡು, ಅದರ ಎರಡೂ ಬದಿಗೆ ಒಂದೊಂದು ಕೋಣೆ, ಮೇಲೆ ಅಟ್ಟ. ಬೇಕಾದ್ದೆಲ್ಲ ಇದೆ, ಬೇಡದ್ದು ಒಂದೂ ಇಲ್ಲ. ಯಾರು ಕಟ್ಟಿದರೋ, ಅವರ ಕೈಗೆ ನಮಸ್ಕಾರ.

ಹಿಂದಿನ ಗೋಡೆ ಮಾತ್ರ ಹೊರಕ್ಕೆ ವಾಲಿದೆ. ಮೂಲೆಯಲ್ಲಿ ಬಿರುಕು. ಪುರಸಭೆಯ ಇಂಜಿನಿಯರ್ ಆ ಬಿರುಕಿನ ಮೇಲೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಾನೆ. ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ. ತಿಂಗಳ ಕೊನೆಗೆ ಬಂದು ನೋಡುತ್ತಾನಂತೆ. ಅಷ್ಟರಲ್ಲಿ ಗೋಡೆ ಭದ್ರವಾಗದಿದ್ದರೆ ಮನೆ ಕೆಡವಲೇಬೇಕಂತೆ. ನರ್ಸಮ್ಮ ವಾಸ ಇರುವುದು ಅಲ್ಲಿ, ಸುತ್ತಿನ ಬಸುರಿಯರನ್ನು ನೋಡುವುದೂ ಅಲ್ಲಿಯೇ, ಮುಂದಿನ ಕೋಣೆಯಲ್ಲಿ. ಕೆಡವಿದರೆ ಆಕೆಗೆ ಬೇರೆ ನೆಲೆ ಇಲ್ಲ.

"ಗೋಡೆ ನಿಲ್ಲುತ್ತೆ, ನಾನು ನಿಲ್ಲಿಸ್ತೀನಿ" ಎಂದೆ.

ಆಕೆ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಸ್ವಲ್ಪ ತಡವರಿಸಿ, "ಮೇಸ್ತ್ರಮ್ಮ, ಹುಲ್ಲಿನ ಕೆಲಸಕ್ಕೂ ಹೇಳಿಯಾಯ್ತು. ಈ ಸುತ್ತಿನಲ್ಲಿ ಆ ಕೆಲಸ ಬಲ್ಲವರು ಒಬ್ಬರೇ ಅಲ್ವಾ..." ಎಂದಳು.

ಒಬ್ಬನೇ. ಊರವರು ಹುಲ್ಲಪ್ಪ ಅನ್ನುತ್ತಾರೆ. ನನ್ನ ಗಂಡ.

ಮಾರ್ಚ್ ೫, ಮಂಗಳವಾರ

ಹುಲ್ಲಪ್ಪ ಬಂದ. ಅದೇ ಹಳೇ ಅಂಗಿ, ಮೊಣಕೈಯಲ್ಲಿ ಹರಿದದ್ದು. ಹೊಲಿಸಿಕೊಳ್ಳಬಾರದೇ? ನನಗೇನು.

ಮೂರು ವರ್ಷದ ಹಿಂದೆ ಒಂದು ಮನೆಯಲ್ಲಿ ಇಬ್ಬರೂ ಕೆಲಸ ಮಾಡಿದ್ದೆವು. ನನ್ನ ಹೊಗೆಗೂಡು ಅವನ ಹುಲ್ಲನ್ನು ಸೀಳಿ ಮೇಲೆ ಹೋಗುವ ಜಾಗದಲ್ಲಿ ಸೋರಿತು. ಮನೆಯವರ ಮುಂದೆ, ಅವರ ನೆಂಟರಿಷ್ಟರ ಮುಂದೆ, "ಹುಲ್ಲು ಸರಿಯಾಗೇ ಇದೆ, ಇಟ್ಟಿಗೆ ಕೆಲಸದವರನ್ನ ಕೇಳಿ" ಅಂದುಬಿಟ್ಟ. ಇಟ್ಟಿಗೆ ಕೆಲಸದವರು! ಹೆಂಡತಿ ಎಂದೂ ಅನ್ನಲಿಲ್ಲ. ನಾನೂ ಬಿಡಲಿಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಲ್ಲೇ ಅಂದೆ. ಎಲ್ಲರೂ ನಕ್ಕರು. ಆ ಸಂಜೆಯೇ ಹೊಳೆಯಾಚೆ ತನ್ನ ಅಕ್ಕನ ಮನೆಗೆ ಹೋದವನು ಇನ್ನೂ ಅಲ್ಲೇ ಇದ್ದಾನೆ. ನಾನು ಕರೆಯಲಿಲ್ಲ, ಅವನು ಬರಲಿಲ್ಲ. ಸುಖವಾಗಿದ್ದೇನೆ.

ಇವತ್ತು ಮೂವರೂ ಹಿತ್ತಲಲ್ಲಿ ನಿಂತಿದ್ದೆವು. ಅವನು ನರ್ಸಮ್ಮನ ಮುಖ ನೋಡಿಕೊಂಡು, "ಮೇಸ್ತ್ರಮ್ಮೋರಿಗೆ ಹೇಳಿ, ಸಾರವೆ ಗಳುಗಳು ಸೂರಿಗೆ ತಾಗದ ಹಾಗೆ ಕಟ್ಟಲಿ" ಎಂದ.

ನಾನೂ ನರ್ಸಮ್ಮನ ಕಡೆಗೆ ತಿರುಗಿ, "ಸಾರವೆ ಹೇಗೆ ಕಟ್ಟಬೇಕು ಅಂತ ನನಗೆ ಯಾರೂ ಹೇಳಿಕೊಡೋದು ಬೇಡ ಅಂತ ಹೇಳಿ" ಎಂದೆ.

"ಇಬ್ಬರಿಗೂ ಕಿವಿ ಇದೆಯಲ್ಲ, ನಾನ್ಯಾಕೆ ನಡುವೆ?" ಎಂದಳು ಆಕೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ."

"ಮೂರು ವರ್ಷದಿಂದ ಉಂಡೂ ಇದ್ದೀನಿ, ಮಲಗಿಯೂ ಇದ್ದೀನಿ. ಜಗಳ ಮಾತ್ರ ಹಾಗೇ ಇದೆ" ಎಂದೆ.

ಅವನು ಕೆಮ್ಮಿದ. ನಗು ಬಂದರೆ ಹಾಗೆ ಕೆಮ್ಮುವುದು ಅವನ ಅಭ್ಯಾಸ.

ಮಾರ್ಚ್ ೯, ಶನಿವಾರ

ಗೋಡೆಯ ರೋಗ ಕಂಡುಹಿಡಿದೆ. ರೋಗ ಗೋಡೆಯದಲ್ಲ, ಮಾಡಿನದು.

ಸೂರಿನ ಹತ್ತಿರ ಹುಲ್ಲು ನನ್ನ ಎದೆಮಟ್ಟಕ್ಕೆ ಬರುವಷ್ಟು ದಪ್ಪ ಇದೆ. ಹಿಂದಿನವರು ಹಳೆಯ ಹುಲ್ಲನ್ನು ಪೂರ್ತಿ ತೆಗೆಯುತ್ತಿರಲಿಲ್ಲ, ಮೇಲಿನ ಕೊಳೆತ ಪದರ ಕೆರೆದು ಅದರ ಮೇಲೇ ಹೊಸದು ಹೊದಿಸುತ್ತಿದ್ದರು. ಹಾಗೆ ತಲೆಮಾರಿನ ಮೇಲೆ ತಲೆಮಾರು ಹೊದಿಸಿದ್ದಾರೆ. ತೀರಾ ಅಡಿಯ ಪದರ ಹೊಗೆಗೆ ಕಪ್ಪಾಗಿದೆ, ಮನೆ ಕಟ್ಟಿದಾಗಿನದೇ ಇರಬೇಕು. ಇಷ್ಟೊಂದು ಭಾರ ಹೊತ್ತ ಗೋಡೆ ವಾಲದೆ ಇನ್ನೇನು ಮಾಡೀತು?

ಹಿಂದಿನ ಇಳಿಜಾರಿನ ಹುಲ್ಲನ್ನು ಮೊದಲು ಬಿಚ್ಚಬೇಕು, ಹಿಂದಿನ ಗೋಡೆ ಹಗುರಾಗಬೇಕು, ಆಮೇಲೆ ಮೂಲೆ ಕಿತ್ತು ಕಟ್ಟುತ್ತೇನೆ ಎಂದು ನರ್ಸಮ್ಮನ ಕೈಲಿ ಹೇಳಿಕಳಿಸಿದೆ. ಹುಲ್ಲಪ್ಪನಿಂದ ಉತ್ತರ ಬಂತು: "ಬಿಚ್ಚೋದಾದರೆ ಎರಡೂ ಕಡೆ ಒಟ್ಟೊಟ್ಟಿಗೆ ಬಿಚ್ಚಬೇಕಂತೆ. ಒಂದೇ ಕಡೆ ಬಿಚ್ಚಬಾರದಂತೆ."

ಗೊತ್ತಿತ್ತು. ನಾನು ಎಡಕ್ಕೆ ಅಂದರೆ ಬಲಕ್ಕೆ ಅನ್ನುವ ಆಸಾಮಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎರಡೂ ಕಡೆ ಬಿಚ್ಚುತ್ತಾ ಕೂತರೆ ತಿಂಗಳು ಅದರಲ್ಲೇ ಕಳೆಯುತ್ತದೆ, ಇಂಜಿನಿಯರ್ ಬಂದಾಗ ಗೋಡೆಗೆ ಒಂದು ಇಟ್ಟಿಗೆಯೂ ಬಿದ್ದಿರುವುದಿಲ್ಲ.

"ಗೋಡೆ ವಿಷಯದಲ್ಲಿ ನನ್ನ ಮಾತೇ ಕೊನೆ ಅಂತ ಹೇಳಿ. ಬೇಡ ಅಂದರೆ ಅವರ ಹುಲ್ಲು ಅವರೇ ಇಟ್ಕೊಳ್ಳಲಿ."

ನರ್ಸಮ್ಮ ಏಣಿಯ ಹತ್ತಿರ ಹೋಗಿ ಹೇಳಿದಳು. ಅವನು ಒಮ್ಮೆ ಮಾಡಿನ ನೆತ್ತಿಯನ್ನು ನೋಡಿದ. ಆಮೇಲೆ "ಸರಿ" ಎಂದನಂತೆ. ಅಷ್ಟು ಬೇಗ ಒಪ್ಪಿದ್ದು ನೋಡಿ ಆಶ್ಚರ್ಯವಾಯಿತು. ಮೂರು ವರ್ಷದಲ್ಲಿ ಸ್ವಲ್ಪ ಬುದ್ಧಿ ಬಂದಿರಬೇಕು.

ಮಾರ್ಚ್ ೧೨, ಮಂಗಳವಾರ

ಬಿಚ್ಚುವ ಕೆಲಸ ಶುರು. ಧೂಳೋ ಧೂಳು. ಹುಲ್ಲಪ್ಪ ಕೆಮ್ಮಿದ್ದು ನಗುವಿಗಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ ಎಂದು ನರ್ಸಮ್ಮನಿಗೆ ಹೇಳಿದೆ. ಕೆಲಸ ನಿಲ್ಲಬಾರದು ನೋಡಿ, ಅದಕ್ಕೆ. ಹಿಂದಿನ ಇಳಿಜಾರು ಅರ್ಧಕ್ಕಿಂತ ಹೆಚ್ಚು ಬರಿದಾಯಿತು. ಎಲ್ಲ ನನ್ನ ಲೆಕ್ಕದಂತೆ ನಡೆದಿದೆ.

ಮಾರ್ಚ್ ೧೩, ಬುಧವಾರ

ಕೈಯ ಗಾರೆಯನ್ನೂ ತೊಳೆಯದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗೆ ಬಂದರೆ ಬರಲಿ.

ಬೆಳಿಗ್ಗೆ ಗಾಳಿ ಎದ್ದಿತ್ತು. ಅವನು ಹಿಂದಿನ ಇಳಿಜಾರಿನ ಮೇಲಿದ್ದ, ನಾನು ಮೂಲೆಯಲ್ಲಿ ಸಡಿಲ ಗಾರೆ ಕೆರೆಯುತ್ತಿದ್ದೆ. ಕಿವಿಯ ಪಕ್ಕದಲ್ಲೇ ಚಿಟ್ ಎಂದಿತು. ಇಂಜಿನಿಯರ್ ಅಂಟಿಸಿದ್ದ ಗಾಜು ಎರಡು ತುಂಡಾಗಿತ್ತು. ನಾನು ನೋಡುತ್ತಿದ್ದ ಹಾಗೇ ಎರಡು ತುಂಡಿನ ನಡುವೆ ಸಂದಿ ಬಿಟ್ಟಿತು.

"ರೀ! ಇಳೀರಿ! ಗೋಡೆ ಬರ್ತಿದೆ, ಇಳೀರಿ ಕೆಳಗೆ!"

ಇಳಿಯಲಿಲ್ಲ. "ಏಣಿ ಆ ಗೋಡೆಗೇ ಒರಗಿದೆ ಕಣೇ, ಅದರ ಮೇಲೆ ಭಾರ ಬಿಡಲಾ? ಬಿಚ್ಚಿದ ಕಟ್ಟುಗಳನ್ನ ಮೇಲೆ ಕೊಡು, ಬೇಗ! ಈ ಕಡೆಗೆ ಮತ್ತೆ ಭಾರ ಬೇಕು" ಎಂದು ಕೂಗಿದರು.

ಆಗ ಹೊಳೆಯಿತು. ಮಾಡು ಎಂದರೆ ಎರಡು ಇಳಿಜಾರು ಒಂದಕ್ಕೊಂದು ತಲೆ ಕೊಟ್ಟು ನಿಂತದ್ದು. ಒಂದನ್ನು ಹಗುರ ಮಾಡಿದರೆ ಇನ್ನೊಂದು ತನ್ನ ಭಾರವನ್ನೆಲ್ಲ ಇದರ ಮೇಲೆ ತಳ್ಳುತ್ತದೆ. ಮುಂದಿನ ಹುಲ್ಲು ಪೂರ್ತಿ ಇತ್ತು, ಹಿಂದೆ ಬರಿದು. ಯಾವ ಗೋಡೆಯನ್ನು ಉಳಿಸಲು ಹೊರಟಿದ್ದೆನೋ ಅದನ್ನು ನಾನೇ ತಳ್ಳಿಸುತ್ತಿದ್ದೆ. ಎರಡೂ ಕಡೆ ಒಟ್ಟೊಟ್ಟಿಗೆ ಎಂದು ಅವರು ಅಂದದ್ದು ಹಟಕ್ಕಲ್ಲ.

ನರ್ಸಮ್ಮನೂ ನಾನೂ ಸಾರವೆಯ ಗಳುಗಳನ್ನು ಬಿಚ್ಚಿ ಗೋಡೆಗೆ ಆಸರೆ ಕೊಟ್ಟೆವು. ಆಮೇಲೆ ನಾನು ಗೋಡೆಯ ಬುಡದಲ್ಲೇ ನಿಂತು ಕಟ್ಟಿನ ಮೇಲೆ ಕಟ್ಟು ಕವೆಗೋಲಿಗೆ ಸಿಕ್ಕಿಸಿ ಮೇಲೆ ಕೊಟ್ಟೆ, ಅವರು ಬರಿದಾದ ಇಳಿಜಾರಿನ ಮೇಲೆ ಹೇರುತ್ತಾ ಹೋದರು. "ಅಲ್ಲಿಂದ ಆಚೆ ನಿಂತು ಕೊಡೇ, ಗೋಡೆ ಕೆಳಗೆ ನಿಲ್ಲಬೇಡ" ಎಂದರು. "ಆಚೆ ನಿಂತರೆ ನಿಮ್ಮ ಕೈಗೆ ಎಟಕಲ್ಲ" ಎಂದೆ. ಕೊಡುತ್ತಲೇ ಹೋದೆ.  ಮಧ್ಯಾಹ್ನದ ಹೊತ್ತಿಗೆ ಸಂದಿ ಬೆಳೆಯುವುದು ನಿಂತಿತು.

ಅಷ್ಟಾದ ಮೇಲೂ ಅವರು ಇಳಿಯಲಿಲ್ಲ. ಬಿಚ್ಚಿದ ಜಾಗದಿಂದ ಅಟ್ಟದೊಳಕ್ಕೆ ಬೆಳಕು ಬೀಳುತ್ತಿತ್ತು. ಅಲ್ಲಿಗೆ ಬಗ್ಗಿ ನೋಡುತ್ತಿದ್ದರು. "ಒಳಗಿಂದ ಅಟ್ಟಕ್ಕೆ ಬಾ. ಇದನ್ನ ನೀನು ನೋಡಬೇಕು" ಎಂದರು.

ಹತ್ತಿ ಹೋದೆ. ಅಟ್ಟದ ನಡುವಿನ ಹಲಗೆಯ ತಡಿಕೆ ಅಲುಗಾಟಕ್ಕೆ ಬಿದ್ದುಹೋಗಿತ್ತು. ಅದರ ಹಿಂದೆ ಅಡ್ಡತೊಲೆ. ಮುಂದಿನ ಗೋಡೆಯಿಂದ ಹಿಂದಿನ ಗೋಡೆಗೆ ಹಾದು, ಎರಡೂ ಇಳಿಜಾರಿನ ಕಾಲುಗಳನ್ನು ಅಗಲವಾಗದಂತೆ ಹಿಡಿದಿಡಬೇಕಾದ ತೊಲೆ. ಅದನ್ನು ನಡುವೆ ಗರಗಸದಿಂದ ಕೊಯ್ದು ತೆಗೆದಿದ್ದರು. ಉಳಿದದ್ದು ಎರಡು ಮೋಟು ತುದಿ. ಯಾವ ಕಾಲದಲ್ಲೋ ಯಾರೋ ಅಟ್ಟದಲ್ಲಿ ತಲೆ ಬಗ್ಗಿಸದೆ ಓಡಾಡಬೇಕೆಂದು ಆಸೆಪಟ್ಟು ಮನೆಯ ಸೊಂಟದ ಪಟ್ಟಿಯನ್ನೇ ಕೊಯ್ದಿದ್ದಾರೆ, ಕಾಣಬಾರದೆಂದು ಹಲಗೆ ಹೊಡೆದಿದ್ದಾರೆ.

ಅಂದರೆ ತಪ್ಪು ಹುಲ್ಲಿನದೂ ಅಲ್ಲ, ಇಟ್ಟಿಗೆಯದೂ ಅಲ್ಲ. ಅವರೂ ಬಿಚ್ಚಿದ ಜಾಗದಿಂದ ಅಟ್ಟಕ್ಕಿಳಿದು ನನ್ನ ಪಕ್ಕ ಕೂತರು. "ಮೂಗು ತೋರಿಸು" ಎಂದರು. ಗಾರೆ ಮೆತ್ತಿಕೊಂಡಿತ್ತಂತೆ.

ನಾನು ಅವರನ್ನು ಬಾಯಿ ಬಿಟ್ಟು ಕರೆದೆನೆಂದು ನರ್ಸಮ್ಮ ಸಂಜೆ ಕಣ್ಣು ಮಿಟುಕಿಸಿದಳು. ಬೆಂಕಿ ಬಿದ್ದಾಗ ಬೀದಿಯವರನ್ನೂ ಕರೆಯುತ್ತೇವೆ. ಅದರಲ್ಲಿ ವಿಶೇಷ ಏನೂ ಇಲ್ಲ.

ಮಾರ್ಚ್ ೧೪, ಗುರುವಾರ

ಒಂದು ಬದಿಯಿಂದ ಇನ್ನೊಂದು ಬದಿಗೆ ಹಗ್ಗ ಬಿಗಿದೆವು. ಹುಲ್ಲಿನ ಕಟ್ಟು ಹೊರುವ ದಪ್ಪ ಹಗ್ಗ, ಅವರದ್ದೇ. ಎರಡು ಗೋಡೆಗಳ ನಡುವೆ ಎಳೆದು, ಮಧ್ಯೆ ಕೋಲು ಸಿಕ್ಕಿಸಿ ತಿರುಚುತ್ತಾ ಬಂದರೆ ಹಗ್ಗ ಗಿಡ್ಡವಾಗುತ್ತದೆ, ಗೋಡೆ ಕೂದಲೆಳೆಯಷ್ಟು ಒಳಕ್ಕೆ ಬರುತ್ತದೆ. ಬಂತು! ಕಣ್ಣಾರೆ ನೋಡಿದೆ. ನನಗೆ ಹುರುಪು ಹತ್ತಿ, ತೂಗುಗುಂಡು ಹಿಡಿದು, "ಇನ್ನೂ ತಿರುಚಿ, ನೆಟ್ಟಗೆ ನಿಲ್ಲಿಸೇಬಿಡೋಣ" ಎಂದೆ.

"ಬೇಡ" ಎಂದರು. "ವಾಲಿಕೊಂಡೇ ಎಷ್ಟೋ ಕಾಲ ಬದುಕಿದೆ. ಈಗ ನೆಟ್ಟಗೆ ನಿಲ್ಲು ಅಂದರೆ ಮುರೀತದೆ. ಇದ್ದಲ್ಲಿ ಇರಲಿ, ಇನ್ನು ಮುಂದೆ ಹೋಗದಿದ್ದರೆ ಸಾಕು."

ಸೊಟ್ಟ ಗೋಡೆಯನ್ನು ಸೊಟ್ಟಗೇ ಬಿಟ್ಟು ಬಂದವಳಲ್ಲ ನಾನು. ತೂಗುಗುಂಡು ಹಿಡಿದೇ ನಿಂತಿದ್ದೆ. ಆಮೇಲೆ ದಾರ ಸುತ್ತಿ ಜೇಬಿಗೆ ಹಾಕಿಕೊಂಡೆ. ಯೋಚಿಸಿದರೆ, ನಾನೂ ಅದನ್ನೇ ಹೇಳುವುದರಲ್ಲಿದ್ದೆ.

ಮಾರ್ಚ್ ೧೭, ಭಾನುವಾರ

ರಜೆ. ಹಗ್ಗ ಸಡಿಲಾಗಿದೆಯೇ ನೋಡೋಣ ಎಂದು ಸುಮ್ಮನೆ ಅತ್ತ ಹೋದೆ. ಅವರೂ ಬಂದಿದ್ದರು, ಹಗ್ಗ ನೋಡಲಿಕ್ಕೇ. ಹಗ್ಗ ಚೆನ್ನಾಗಿತ್ತು. ಆದರೂ ಇಬ್ಬರೂ ಬಹಳ ಹೊತ್ತು ನೋಡಿದೆವು.

ಕಮ್ಮಾರ ಬಂದು ಅಳತೆ ತೆಗೆದುಕೊಂಡ. ಕೊಯ್ದ ತೊಲೆಯ ಜಾಗಕ್ಕೆ ಕಬ್ಬಿಣದ ಸರಳು, ಎರಡೂ ಗೋಡೆಯ ಹೊರಗೆ ಒಂದೊಂದು ದಪ್ಪ ಬಿಲ್ಲೆ, ತಿರುಪು ಹಾಕಿ ಬಿಗಿಯುವುದು. ನನ್ನ ಬುತ್ತಿ ಇಬ್ಬರಿಗಾಗುವಷ್ಟಿತ್ತು. ಅಳತೆ ತಪ್ಪಿ ಹೆಚ್ಚು ಮಾಡಿಬಿಟ್ಟಿದ್ದೆ, ಬಿಸಾಡಬೇಕಲ್ಲ ಎಂದು ಕೊಟ್ಟೆ. ಊಟ ಮಾಡುವಾಗ ಅಂಗಿಯ ಮೊಣಕೈ ಮತ್ತೆ ಕಣ್ಣಿಗೆ ಬಿತ್ತು. ಬಿಚ್ಚಿ ಕೊಡಿ ಎಂದೆ. ಅವರು ಬನಿಯನ್‌ನಲ್ಲಿ ಬಿಸಿಲು ಕಾಯಿಸುತ್ತಾ ಕೂತರು, ನಾನು ನರ್ಸಮ್ಮನಿಂದ ಸೂಜಿ ತಂದು ಹೊಲಿದೆ. ಆಕೆ ಮನುಷ್ಯರನ್ನು ಹೊಲಿಯುವ ಸೂಜಿ ಕೊಡಲಾ ಎಂದು ಕೇಳಿ ನಕ್ಕಳು.

ಮಾರ್ಚ್ ೨೨, ಶುಕ್ರವಾರ

ಸರಳು ಬಿಗಿದಾಯಿತು. ಈ ಸಲ ಎರಡೂ ಕಡೆಯ ಹಳೆ ಹುಲ್ಲನ್ನು ಒಟ್ಟೊಟ್ಟಿಗೆ ಬಿಚ್ಚಿ ಇಳಿಸಿದೆವು. ಮೂಲೆಯನ್ನು ಹಳೆಯ ಇಟ್ಟಿಗೆಯಲ್ಲೇ, ಸುಣ್ಣದ ಗಾರೆಯಲ್ಲೇ ಕಟ್ಟಿದೆ. ಸಿಮೆಂಟು ಹಾಕಿದರೆ ಬೇಗ ಮುಗಿಯುತ್ತದೆ ಎಂದು ಕಮ್ಮಾರ ಬಿಟ್ಟಿ ಸಲಹೆ ಕೊಟ್ಟ. ಮೆತ್ತಗಿನ ಇಟ್ಟಿಗೆಗೆ ಗಟ್ಟಿ ಗಾರೆ ಹಾಕಿದರೆ ಇಟ್ಟಿಗೆಯೇ ಸವೆದುಹೋಗುತ್ತದೆ, ನಡುವಿನ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು ಎಂದೆ. ಅವರು ಮೇಲಿನಿಂದ, "ಕೇಳಿದೆಯೇನಪ್ಪಾ, ಮೆತ್ತಗಿರಬೇಕಂತೆ, ಮೇಸ್ತ್ರಿ ಬಾಯಿಂದಲೇ ಬಂತು" ಎಂದರು. ಹಸಿ ಗಾರೆಯ ಉಂಡೆ ಎಸೆದೆ. ತಾಗಲಿಲ್ಲ.

ಹೊಸ ಹುಲ್ಲು ಹೊದಿಸುವಾಗಲೂ ಎರಡೂ ಕಡೆ ಸಮವಾಗಿ ಏರಬೇಕು. ಅವರು ಹಿಂದಿನ ಇಳಿಜಾರಿನಲ್ಲಿ ಕೆಲಸ ಮಾಡಿದಷ್ಟೂ ಹೊತ್ತು ಮುಂದಿನ ಇಳಿಜಾರಿನ ಮೇಲೆ ಅಷ್ಟೇ ಭಾರ ಇರಬೇಕು. ಕಟ್ಟು ಹೇರಲು ನಾನೇ ಹತ್ತಿದೆ. ನಡುವೆ ನೆತ್ತಿ, ಮುಖ ಕಾಣುವುದಿಲ್ಲ, ದನಿ ಮಾತ್ರ.

"ಎರಡನೇ ಸಾಲಾಯ್ತು!"

"ಇಲ್ಲೂ ಆಯ್ತು ರೀ!"

"ಇನ್ನೆರಡು ಕಟ್ಟು ಹಾಕು. ಅಥವಾ ಬೇಡ, ನೀನೇ ಅಲ್ಲಿ ಕೂತಿರು, ಎರಡು ಕಟ್ಟಿನ ತೂಕ ಆಗುತ್ತೆ."

"ಕೆಳಗೆ ಬನ್ನಿ, ಯಾರ ತೂಕ ಎಷ್ಟು ಅಂತ ತೋರಿಸ್ತೀನಿ!"

ಕೆಮ್ಮಿದರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಧೂಳಿಗಲ್ಲ ಆ ಕೆಮ್ಮು.

ಅಲ್ಲಿ ಕೂತು ನೋಡಿದರೆ ಹೊಲಗಳೆಲ್ಲ ಕಾಣುತ್ತವೆ, ಹೊಳೆಯೂ ಕಾಣುತ್ತದೆ. ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ನಾನು ಮಾಡಿನ ಮೇಲೆ ಕೂತಿರಲಿಲ್ಲ. ಗೋಡೆ ಕಟ್ಟಿ ಸೂರಿನ ಕೆಳಗೇ ನನ್ನ ಕೆಲಸ ಮುಗಿಯುತ್ತಿತ್ತು. ಖುಷಿಯಾಯಿತು, ಬರೆದರೆ ತಪ್ಪೇನು. ಬಹಳ ಖುಷಿಯಾಯಿತು.

ಹೊಗೆಗೂಡಿನ ಸುತ್ತ ಇಬ್ಬರೂ ಒಟ್ಟಿಗೆ ಮಾಡಿದೆವು. ನಾನು ಒಂದು ವರಸೆ ಇಟ್ಟಿಗೆಯನ್ನು ಹೊರಕ್ಕೆ ಚಾಚಿದೆ, ಅವರು ಅದರ ಅಡಿಗೆ ಹುಲ್ಲು ತುರುಕಿ ಬಿಗಿದರು. ನರ್ಸಮ್ಮ ಬಕೆಟ್‌ಗಟ್ಟಲೆ ನೀರು ಸುರಿಸಿ ನೋಡಿದಳು. ಒಳಗೆ ಒಂದು ಹನಿ ಇಲ್ಲ.

ಮಾರ್ಚ್ ೨೯, ಶುಕ್ರವಾರ

ಇಂಜಿನಿಯರ್ ಬಂದ. ನರ್ಸಮ್ಮ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ಇಬ್ಬರು ಬಸುರಿಯರು ಕೂತಿದ್ದರು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ತಮ್ಮದೇ ಮನೆಯ ತೀರ್ಪು ಎನ್ನುವ ಹಾಗೆ. ನಾನು ಧೈರ್ಯವಾಗಿದ್ದೆ. ಸಾಯಂಕಾಲ ಕೈ ಬಿಡಿಸಿ ನೋಡಿದರೆ ಅಂಗೈಯಲ್ಲಿ ಉಗುರಿನ ಗುರುತು.

ಮೂಲೆ ನೋಡಿದ, ಸರಳು ಕುಟ್ಟಿ ನೋಡಿದ, ಅಟ್ಟ ಹತ್ತಿಳಿದ. ಒಡೆದ ಗಾಜಿನ ತುಂಡನ್ನು ನಾನು ಮುಚ್ಚಿಡದೆ ಮೇಜಿನ ಮೇಲೇ ಇಟ್ಟಿದ್ದೆ. ಅದನ್ನೆತ್ತಿ, "ಇದು ಒಡೆದಿದೆಯಲ್ಲ? ಯಾರಿಂದ ಆದದ್ದು?" ಎಂದು ಕೇಳಿದ.

"ನನ್ನಿಂದ" ಎಂದರು ಇವರು. ನಾನು ಬಾಯಿ ತೆರೆಯುವ ಮುಂಚೆಯೇ. "ಒಂದೇ ಕಡೆ ಬಿಚ್ಚಬಾರದಿತ್ತು, ಬಿಚ್ಚಿದೆ. ಹುಲ್ಲಿನ ಕೆಲಸದ ತಪ್ಪು."

"ಸುಮ್ನಿರಿ" ಎಂದೆ. "ಸಾರ್, ಬಿಚ್ಚಿ ಅಂದವಳು ನಾನು. ಇವರು ಬೇಡ ಅಂದಿದ್ದರು, ಕೇಳಲಿಲ್ಲ. ನನ್ನ ತಪ್ಪು."

"ಬಿಚ್ಚಿದ ಕೈ ನನ್ನದು."

"ಬಿಚ್ಚಿಸಿದ ಬಾಯಿ ನನ್ನದು!"

ಇಂಜಿನಿಯರ್ ಇಬ್ಬರ ಮುಖವನ್ನೂ ನೋಡಿದ. "ನಾನು ಈ ಕೆಲಸಕ್ಕೆ ಬಂದಾಗಿಂದ ತಪ್ಪು ನಂದಲ್ಲ ಅಂತ ಜಗಳ ಆಡೋರನ್ನೇ ನೋಡಿದ್ದೀನಿ" ಎಂದ. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಮನೆ ಇರಲಿ. ಕೆಡವೋದು ಬೇಡ" ಎಂದ. ಆಕೆ ಅಲ್ಲೇ ಹೊಸಿಲ ಮೇಲೆ ಕೂತು ಅತ್ತಳು. ಬಸುರಿಯರಿಬ್ಬರೂ ಆಕೆಯನ್ನು ಸಮಾಧಾನ ಮಾಡಿದರು.

ಹೊರಡುವಾಗ ಒಂದು ಷರತ್ತು ಹಾಕಿದ. "ಗೋಡೆ ಹೊರಕ್ಕೆ ವಾಲಿಕೊಂಡೇ ಇದೆ. ಹಾಗಾಗಿ ಗೋಡೆ, ಮಾಡು ಎರಡನ್ನೂ ಕೆಲವು ವರ್ಷ ಯಾರಾದರೂ ನೋಡ್ಕೊಳ್ತಿರಬೇಕು. ಜೋರು ಗಾಳಿ ಬಂತು ಅಂದರೆ ಇಬ್ಬರೂ ಕೂಡಲೇ ಬರಬೇಕು. ನಿಮ್ಮನ್ನ ಎಲ್ಲಿ ಹುಡುಕಬೇಕು? ನಿಮ್ಮ ಮನೆ ಎಲ್ಲಮ್ಮ?"

ಹೇಳಿದೆ. ಸುಣ್ಣದ ಗೂಡಿನ ಹಿಂದಿನ ಬೀದಿ, ಮೂಲೆಯ ಮನೆ.

"ನಿಮ್ಮದು?" ಎಂದು ಇವರನ್ನು ಕೇಳಿದ.

ಇವರು ಹೊಳೆಯ ಕಡೆಗೊಮ್ಮೆ ನೋಡಿದರು, ತಮ್ಮ ಕಾಲ ಬೆರಳು ನೋಡಿಕೊಂಡರು. ನರ್ಸಮ್ಮ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. 

"ಅವರದೂ ಅದೇ" ಎಂದೆ.

ಕಚೇರಿಯವರಿಗೆ ಎರಡೆರಡು ಕಡೆ ಹುಡುಕುವ ತಾಪತ್ರಯ ಯಾಕೆ ಎಂದು ಹಾಗೆ ಹೇಳಿದ್ದು. ಹೊಳೆ ದಾಟಿ ಬರುವಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿಬಿಡುತ್ತದೆ, ಇದರಲ್ಲಿ ಬೇರೆ ಅರ್ಥ ಹುಡುಕುವ ಅಗತ್ಯವಿಲ್ಲ. ಕೆಲಸದ ಪುಸ್ತಕದಲ್ಲಿ ಕೆಲಸದ ವಿಷಯವೇ ಇರಲಿ.

ಇವರು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಾರೆ. ಸಕ್ಕರೆ ಡಬ್ಬ ಎಲ್ಲಿದೆಯೇ ಎಂದು ಎರಡನೇ ಸಲ ಕೂಗಿದರು. ಎಲ್ಲಿರುತ್ತದೆ? ಇವರ ಕೈಗೆ ಎಟಕುವ, ನನ್ನ ಕೈಗೆ ಎಟಕದ ಆ ಮೇಲಿನ ಹಲಗೆಯ ಮೇಲೇ. ಮೂರು ವರ್ಷ ದಿನಾ ಸ್ಟೂಲು ಹತ್ತಿ ತೆಗೆದಿದ್ದೇನೆ, ಮತ್ತೆ ಅಲ್ಲೇ ಇಟ್ಟಿದ್ದೇನೆ.